ವೀಣೆಗೆ ತಿರುಪು ಹಾಕಿದರೆ ಶಾರದೆ ಮುನಿಯುವಳೇ?



ಸರ್ಜಾಪುರದ ನಮ್ಮ ಮನೆಯಲ್ಲಿ ತಾಯಿಯವರ ಹಲಸಿನ ಮರದ ವೀಣೆ ಹತ್ತು ವರ್ಷ ಮೌನವಾಗಿತ್ತು. ಮೇಣ ಬಿರಿದು ಮೆಟ್ಟಿಲುಗಳು ಸಡಿಲಗೊಂಡಿದ್ದವು. ಮಂಡಿನೋವಿನ ನನ್ನಾಕೆಗೆ ನೆಲದ ಮೇಲೆ ಕೂರಲಾಗದು. ಕಳೆದ ವರ್ಷ ಮೆಟ್ಟಿಲುಗಳನ್ನು ತಿರುಪಿನಿಂದ ಬಿಗಿಸಿ, ತಂತಿಗಳನ್ನು ತುಸು ತಗ್ಗಿಸಿ, ವೀಣೆಯನ್ನು ಮೇಜಿನ ಮೇಲಿರಿಸಿದೆವು. ಸಂಗೀತ ಬಲ್ಲ ಬಂಧುವೊಬ್ಬರು ‘ಇದು ಅಪಚಾರ’ ಎಂದರು.

ಯಾವ ಸಂಪ್ರದಾಯಕ್ಕೆ ಅಪಚಾರ? ಹಿಂದೆ ರಾಗಕ್ಕೆ ತಕ್ಕಂತೆ ಮೆಟ್ಟಿಲುಗಳನ್ನು ಸರಿಸುತ್ತಿದ್ದರು. 24 ಸ್ಥಿರ ಮೆಟ್ಟಿಲುಗಳ ವೀಣೆ ರೂಪುಗೊಂಡದ್ದು 17ನೆಯ ಶತಮಾನದಲ್ಲಿ, ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ಎನ್ನುತ್ತದೆ ಸಂಗೀತಚರಿತ್ರೆ. ಅದೂ ಅಂದಿನ ಮಾರ್ಪಾಡೇ! ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೊಫೋನನ್ನು ಗಮಕಕ್ಕೆ ಒಗ್ಗಿಸಿಕೊಂಡಾಗ ಕೈತಟ್ಟಿದವರು ನಾವು. ನಮ್ಮ ಬೆಂಗಳೂರಿನ ಜಿ. ರಾಜನಾರಾಯಣ್ ಅವರ ಎಲೆಕ್ಟ್ರಾನಿಕ್ ವೀಣೆಯಲ್ಲಿ ಮೇಣವೇ ಇಲ್ಲ.

ತಂತಿ ಅತಿಯಾಗಿ ತಗ್ಗಿದರೆ ಮೆಟ್ಟಿಲಿಗೆ ತಗುಲಿ ನಾದ ಕೆಡುವುದು ದಿಟ. ಆದ್ದರಿಂದ ಕೈಯಿಡುವವರು ಬಲ್ಲವರಾಗಿರಬೇಕು. ಆದರೆ ಬಲ್ಲವರು ಮುಟ್ಟಲೇಬಾರದೆಂಬುದು ಭಕ್ತಿಯಲ್ಲ, ಜಡತೆ.

ನಿತ್ಯ ಸಂಜೆ ಈಗ ಮನೆಯಲ್ಲಿ ಮೋಹನ ಕೇಳಿಸುತ್ತದೆ. ಅರಿಶಿನ ಕುಂಕುಮ ಹಚ್ಚಿ ಮೂಲೆಗಿಟ್ಟ ವೀಣೆ ಪೂಜೆಗೊಳ್ಳುತ್ತದೆ, ನುಡಿಯುವುದಿಲ್ಲ. ಶಾರದೆಗೆ ಯಾವುದು ಪ್ರಿಯವೆಂಬುದನ್ನು ನೀವೇ ಹೇಳಿ.