ಬೇಲಿಯಿಲ್ಲದ ಗಡಿಯ ಬಗ್ಗೆ ಪ್ರಧಾನಿಯವರಿಗೆ

ಮಾನ್ಯ ಪ್ರಧಾನ ಮಂತ್ರಿಗಳೇ,

ಗಡಿ ತೆರೆದಿಟ್ಟರೆ ದೇಶ ಉಳಿದೀತೇ ಎಂಬ ಜಗಳ ಅಮೆರಿಕ, ಯುರೋಪುಗಳನ್ನು ದಾಟಿ ನಮ್ಮ ಟಿವಿ ಸ್ಟುಡಿಯೋಗಳಿಗೂ ಬಂದಿದೆ. ಆದರೆ ನೇಪಾಳದ ಜೊತೆಗಿನ ನಮ್ಮದೇ ಒಂದು ಗಡಿ, 1,750 ಕಿಲೋಮೀಟರಿಗೂ ಹೆಚ್ಚು ಉದ್ದದ್ದು, ಮುಕ್ಕಾಲು ಶತಮಾನದಿಂದ ತೆರೆದೇ ಇದೆ. ನೇಪಾಳದವರಿಗೆ ವೀಸಾ ಬೇಡ, ಕೆಲಸದ ಪರವಾನಗಿಯೂ ಬೇಡ. ಸುನೌಲಿಯಲ್ಲೋ ಬನ್‌ಬಾಸಾದಲ್ಲೋ ನಡೆದು ದಾಟಿ ಬಸ್ಸು, ರೈಲು ಹಿಡಿದರೆ ಬೆಂಗಳೂರು. ಎರಡೂ ದೇಶಗಳ ನಡುವಿನ 1950ರ ಜುಲೈ 31ರ ಶಾಂತಿ ಮತ್ತು ಮೈತ್ರಿ ಒಪ್ಪಂದದ 7ನೇ ವಿಧಿ ವಾಸ, ಆಸ್ತಿ, ವ್ಯಾಪಾರ, ಓಡಾಟಗಳಲ್ಲಿ ಪರಸ್ಪರರ ಪ್ರಜೆಗಳಿಗೆ ತಮ್ಮವರಿಗಿರುವ ಸವಲತ್ತನ್ನೇ ಕೊಡಬೇಕೆನ್ನುತ್ತದೆ.

ಬಂದವನ ಬದುಕು ನೋಡಬೇಕಾದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬನ್ನಿ. ಬೆಳಗಿನ ಜಾವ ಸಂಪಿನ ಮೋಟಾರು ಹಾಕಿ, ಕಾರು ಒರೆಸಿ, ನಡುರಾತ್ರಿ ಬಂದವರಿಗೂ ಗೇಟು ತೆಗೆಯುವಾತ ಎಷ್ಟೋ ಕಡೆ ನೇಪಾಳದವನು. ಕೆಳಗೆ ಮೀಟರ್ ಬೋರ್ಡಿನ ಪಕ್ಕದ ಒಂದೇ ಕೋಣೆಯಲ್ಲಿ ಸಂಸಾರ. ಹೆಂಡತಿಗೆ ಮೇಲಿನ ಮನೆಗಳ ಕಸಮುಸುರೆ. ಎಲ್ಲೋ ಕಳವಾದರೆ ಮಾತ್ರ ‘ನೇಪಾಳಿ ದಂಪತಿ’ ಎಂದು ಪತ್ರಿಕೆಯಲ್ಲಿ ದಪ್ಪಕ್ಷರ.

ಕೆಲಸದ ಕಾನೂನಿನ ಮಟ್ಟಿಗೆ ಇವನು ಹೊರಗಿನವನೂ ಅಲ್ಲ. ಆ 1950ರ ಒಪ್ಪಂದದ ಕಾರಣಕ್ಕೇ ಭವಿಷ್ಯನಿಧಿ ಯೋಜನೆ ನೇಪಾಳಿ ಕೆಲಸಗಾರನನ್ನು ಭಾರತೀಯ ಕೆಲಸಗಾರನೆಂದೇ ಎಣಿಸುತ್ತದೆ. ಆದರೆ ಪಿಎಫ್ ಕಡ್ಡಾಯವಾಗುವುದು ಇಪ್ಪತ್ತು ಜನ ದುಡಿಯುವಲ್ಲಿ. ಇಬ್ಬರು ವಾಚ್‌ಮನ್‌ಗಳ ಕಟ್ಟಡಕ್ಕೆ ಅದೆಲ್ಲಿಂದ ಬರಬೇಕು? ಅತ್ತ ನೇಪಾಳ ಸರ್ಕಾರ ಕತಾರಿಗೋ ಮಲೇಷ್ಯಾಕ್ಕೋ ದುಡಿಯಲು ಹೋಗುವವರಿಗೆ ಅನುಮತಿಪತ್ರ ಕೊಟ್ಟು ಲೆಕ್ಕ ಇಡುತ್ತದೆ. ಭಾರತಕ್ಕೆ ಬರುವವನಿಗೆ ಅದೂ ಬೇಕಿಲ್ಲ. ಹಾಗಾಗಿ ಇವನು ಅವರ ಕಡತದಲ್ಲೂ ಇಲ್ಲ, ನಮ್ಮದರಲ್ಲೂ ಇಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಹೊರಟ ನೇಪಾಳಿಗಳು ಮಹಾಕಾಳಿ ನದಿಯ ಈಚೆ ದಡದ ಧಾರ್ಚುಲಾದಲ್ಲಿ ಸಿಕ್ಕಿಬಿದ್ದರು. ಆಚೆ ದಡ ಅವರದೇ ದೇಶ. ಒಳಗೆ ಬಿಡದಿದ್ದದ್ದೂ ಅವರದೇ ಸರ್ಕಾರ. ಕೆಲವರು ನದಿಗೆ ಹಾರಿ ಈಜಿದರು. ದಡ ಹತ್ತಿದ ಕೂಡಲೇ ಪೊಲೀಸರು ಹಿಡಿದರು.

ಈ ತೆರೆದ ಗಡಿಗೆ ಬೇಲಿಯೇ ಮದ್ದು ಎನ್ನುವವರಿದ್ದಾರೆ. ಈ ದಾರಿಯಲ್ಲಿ ಹೆಣ್ಣುಮಕ್ಕಳ ಸಾಗಣೆಯೂ ನಡೆಯುತ್ತದೆ, ಆ ಆತಂಕ ಸುಳ್ಳಲ್ಲ. ಆದರೂ ಬೇಲಿ ಬೇಡವೆಂದೇ ನನ್ನ ಅಭಿಪ್ರಾಯ. ಮೆಕ್ಸಿಕೊ ಗಡಿಯನ್ನು ಅಮೆರಿಕ ಬಿಗಿ ಮಾಡಿದಾಗ, ಸುಗ್ಗಿಗೆ ಬಂದು ಹೋಗುತ್ತಿದ್ದ ಎಷ್ಟೋ ಕೂಲಿಕಾರರು ಮತ್ತೆ ದಾಟುವ ಕಷ್ಟಕ್ಕೆ ಹೆದರಿ ಅಲ್ಲೇ ಬೇರೂರಿದರು. ನಮ್ಮ ವಾಚ್‌ಮನ್ ದಸಾಯ್ ಹಬ್ಬಕ್ಕೆ ಊರಿಗೆ ಹೋಗುತ್ತಾನೆ, ಏಕೆಂದರೆ ವಾಪಸು ಬರುವುದು ಸುಲಭ. ದಾರಿ ಕಟ್ಟಿದರೆ ಲಾಭ ದಲ್ಲಾಳಿಗೆ.

ಇನ್ನು ಸಾರ್ವಭೌಮತೆ. ಅದರ ನೋವು ನಮಗಿಂತ ನೇಪಾಳಕ್ಕೇ ಹೆಚ್ಚು. ಒಪ್ಪಂದಕ್ಕೆ ಅವರ ಕಡೆಯಿಂದ ಪ್ರಧಾನಿ ಮೋಹನ್ ಶಂಶೇರ್ ರಾಣಾ ಸಹಿ ಹಾಕಿದರು. ನಮ್ಮ ಕಡೆಯಿಂದ ರಾಯಭಾರಿ! ಕೆಲವೇ ತಿಂಗಳಲ್ಲಿ ರಾಣಾ ಮನೆತನದ ಆಳ್ವಿಕೆಯೇ ಮುಗಿಯಿತು, ಮುನಿಸು ಮಾತ್ರ ಉಳಿಯಿತು. ಈ ಒಪ್ಪಂದವೂ ಸೇರಿ ಪರಸ್ಪರ ಸಂಬಂಧಗಳನ್ನು ಪರಿಶೀಲಿಸಲೆಂದು ಎರಡೂ ದೇಶಗಳಿಂದ ತಲಾ ನಾಲ್ವರು ಗಣ್ಯರ ಸಮಿತಿಯಾಯಿತು. ನಮ್ಮವರ ಮುಂದಾಳು ಭಗತ್ ಸಿಂಗ್ ಕೋಶ್ಯಾರಿ, ಅವರ ಮುಂದಾಳು ಭೇಖ್ ಬಹಾದುರ್ ಥಾಪಾ. 2018ರಲ್ಲೇ ವರದಿ ಸಿದ್ಧವಾಯಿತು. ಮೊದಲು ಭಾರತದ ಪ್ರಧಾನಿಗೆ ಒಪ್ಪಿಸಬೇಕೆಂದು ಸಮಿತಿ ಕಾದದ್ದೇ ಬಂತು. ಎಂಟು ಜನ ಹಿರಿಯರನ್ನು ಹೀಗೆ ಕಾಯಿಸುವುದು ದೊಡ್ಡ ದೇಶಕ್ಕೆ ಶೋಭೆಯಲ್ಲ.

ಆ ವರದಿಯನ್ನು ಸ್ವೀಕರಿಸಿ, ಸಂಸತ್ತಿನ ಮುಂದಿಡಿ. ಒಪ್ಪಿಗೆಯಿಲ್ಲದ ಕಡೆ ಏಕೆ ಇಲ್ಲವೆಂದು ಹೇಳಿ. ಜೊತೆಗೆ, ನೇಪಾಳಿ ಕೆಲಸಗಾರನ ಹೆಸರು, ಸಂಬಳ, ಯಜಮಾನ ಯಾರೆಂಬುದು ಪೊಲೀಸ್ ಠಾಣೆಯಲ್ಲಲ್ಲ, ಕಾರ್ಮಿಕ ಇಲಾಖೆಯಲ್ಲಿ ದಾಖಲಾಗಲಿ. ಅವನ ಸಂಬಳ ಬಾಕಿ ಉಳಿದರೆ ದೂರು ಕೊಡಲು ಹೋಗಬೇಕಾದ ಬಾಗಿಲು ಅದೇ ತಾನೇ?

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ