ಒಂದೇ ನಂಬರ್, ಎರಡು ಬಿಲ್

ಬಿಕಾಂ ಓದ್ಕೊಂಡು ಡೇಟಾಬೇಸ್ ಉಸಾಬರಿ ಯಾಕೆ ಅಂತ ಹೋದ ಪೋಸ್ಟಲ್ಲಿ ಕೇಳಿದ್ರಿ. ಫೋಟೋದಲ್ಲಿರೋ ಎರಡು ಬಿಲ್ ನೋಡಿ. ಗಿರಾಕಿ ಬೇರೆ, ಮೊತ್ತ ಬೇರೆ, ನಂಬರ್ ಮಾತ್ರ ಒಂದೇ.

ನಾನು ಸಂಜೆ ಲೆಕ್ಕ ಬರೆಯೋಕೆ ಹೋಗೋ ಶಿವಾಜಿನಗರದ ಹೋಲ್‌ಸೇಲ್ ಅಂಗಡಿದು. ಬಿಲ್ಲಿಂಗ್ ಮೈಎಸ್‌ಕ್ಯೂಎಲ್‌ನಲ್ಲಿ, ಕೆಳಗೆ ಝಡ್‌ಎಫ್‌ಎಸ್. ಸ್ಲೋ ಅಂತ ಭಾಯ್ ಬೈದಿದ್ದಕ್ಕೆ ಸರ್ವರ್ ನೋಡ್ಕೊಳ್ಳೋ ಹುಡುಗ ‘ಸಿಂಕ್’ ಆಫ್ ಮಾಡಿ ಹೋದ. ಬಿಲ್ ಪಟಪಟ ಬರೋಕೆ ಶುರುವಾಯ್ತು, ಎಲ್ರಿಗೂ ಖುಷಿ. ಆಮೇಲೊಂದು ಸಂಜೆ ಕರೆಂಟ್ ಹೋಯ್ತು, ಯುಪಿಎಸ್ ಕೈಕೊಟ್ಟಿತು. ಕೊನೆಯ ಬಿಲ್ ಆಗ್ಲೇ ಗಿರಾಕಿ ಕೈಯಲ್ಲಿತ್ತು. ಮಷಿನ್ ಆನ್ ಆದಾಗ ಒಂದು ಎರರ್ ಕೂಡ ಇಲ್ಲ. ಆ ಬಿಲ್ಲೂ ಇಲ್ಲ. ಮುಂದಿನವರಿಗೆ ಅದೇ ನಂಬರ್ ಹೋಯ್ತು.

ಡೇಟಾಬೇಸ್ ‘ಡಿಸ್ಕಿಗೆ ಬರೆದ್ಯಾ?’ ಅಂತ ಕೇಳುತ್ತೆ. ಸಿಂಕ್ ಆಫ್ ಇದ್ರೆ ಝಡ್‌ಎಫ್‌ಎಸ್ ಬರೀದೇನೇ ‘ಹೂಂ’ ಅನ್ನುತ್ತೆ, ದುಡ್ಡು ಎಣಿಸದೆ ರಸೀದಿ ಹರಿದುಕೊಡೋ ಕ್ಯಾಷಿಯರ್ ಥರ. ನಿಜವಾಗಿ ಡಿಸ್ಕ್ ಸೇರೋದು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ. ಫೈಲ್ ಕೆಡಲ್ಲ, ಲೆಕ್ಕ ಮಾತ್ರ ಸದ್ದಿಲ್ಲದೆ ಹಿಂದಕ್ಕೆ ಹೋಗುತ್ತೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರ್ ಸರಣಿಯಲ್ಲಿರಬೇಕು, ಆ ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಇಲ್ಲಿ ಇಬ್ಬರಿಗೂ ಇನ್‌ಪುಟ್ ಕ್ರೆಡಿಟ್ ಬೇಕು. ಯಾರ ಬಿಲ್ ತಿದ್ದೋದು ಹೇಳಿ?

ಸ್ಪೀಡ್ ಬೇಡ ಅಂತಿಲ್ಲ. ಬೇರೆ ಕಡೆ ಸಿಗುತ್ತೆ. ಇನ್ನೋಡಿಬಿ ಪ್ರತಿ ಪೇಜನ್ನ ಎರಡೆರಡು ಸಲ ಬರೆಯುತ್ತೆ, ಅರ್ಧ ಬರೆದು ನಿಂತ್ರೆ ಅಂತ ಭಯಕ್ಕೆ. ಝಡ್‌ಎಫ್‌ಎಸ್ ಹಳೇದರ ಮೇಲೆ ಬರೆಯೋದೇ ಇಲ್ಲ, ಹೊಸ ಜಾಗದಲ್ಲಿ ಬರೆದು ಆಮೇಲೆ ಗುರುತು ಬದಲಿಸುತ್ತೆ. ಹಾಗಾಗಿ ಅಲ್ಲಿ ‘ಡಬಲ್‌ರೈಟ್’ ಆಫ್ ಮಾಡಬಹುದು. ‘ರೆಕಾರ್ಡ್‌ಸೈಜ್’ ಡಿಫಾಲ್ಟ್ 128 ಕೆಬಿ, ಇನ್ನೋಡಿಬಿ ಪೇಜ್ 16 ಕೆಬಿ. ಒಂದು ಸಾಲು ತಿದ್ದೋಕೆ ಎಂಟು ಪಟ್ಟು ಬರೆಯೋದ್ಯಾಕೆ? 16ಕ್ಕೆ ಇಳಿಸಿ. ಡೇಟಾ ತುಂಬೋ ಮುಂಚೆ ಇಳಿಸಿ, ಹಳೇ ಫೈಲಿಗೆ ಅದು ತಾಗಲ್ಲ. ಇಷ್ಟಾದ್ರೂ ಸಾಲದಿದ್ರೆ ಲಾಗ್‌ಗೆ ಅಂತ ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ. ಎಸ್.ಪಿ. ರೋಡಲ್ಲಿ ‘ಪವರ್ ಲಾಸ್ ಪ್ರೊಟೆಕ್ಷನ್’ ಇದ್ಯಾ ಅಂತ ಕೇಳಿ ತಗೊಳ್ಳಿ, ಅಗ್ಗದ್ದಕ್ಕೆ ಅದಿರಲ್ಲ.

ಮನೇಲಿ ಆಟಕ್ಕೆ ಇಟ್ಟ ಸರ್ವರ್‌ಗೆ ಸಿಂಕ್ ಆಫ್ ಮಾಡ್ಕೊಳ್ಳಿ, ನಂಗೇನು. ದುಡ್ಡಿನ ಲೆಕ್ಕಕ್ಕೆ ಬೇಡ.

ಇದೆಲ್ಲ ಭಾಯ್‌ಗೆ ಹೇಳಿ ಸಿಂಕ್ ವಾಪಸ್ ಆನ್ ಮಾಡಿಸ್ದೆ. ‘ಮತ್ತೆ ಸ್ಲೋ ಆಗುತ್ತಾ?’ ಅಂದ್ರು. ಸ್ವಲ್ಪ ಆಗುತ್ತೆ ಭಾಯ್ ಅಂದೆ.