ತಾಯ ಮಡಿಲು ಆಸನವಲ್ಲ

ವಿಮಾನದಲ್ಲಿ ಹಸುಗೂಸುಗಳ ಪ್ರಯಾಣದ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಅವುಗಳ ಅಳುವಿನಿಂದ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಆ ಅಳುವಿಗೆ ಕಾರಣವೂ ಗೊತ್ತು, ಪರಿಹಾರವೂ ಗೊತ್ತು. ವಿಮಾನ ಕೆಳಗಿಳಿಯುವಾಗ ಒಳಗಿನ ಗಾಳಿಯ ಒತ್ತಡ ಹೆಚ್ಚುತ್ತದೆ. ಮಗುವಿನ ಕಿವಿಯ ಕಿರಿದಾದ ನಾಳ ಅದಕ್ಕೆ ಬೇಗನೆ ಹೊಂದಿಕೊಳ್ಳದೆ ನೋವಾಗುತ್ತದೆ. ಆ ಹೊತ್ತಿಗೆ ಹಾಲೂಡಿಸಿದರೆ, ನುಂಗುವ ಕ್ರಿಯೆಯಿಂದಲೇ ನೋವು ತಗ್ಗುತ್ತದೆ. ಆದರೆ ಇದಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ನಾವು ಕೇಳುತ್ತಲೇ ಇಲ್ಲ. ಟಿಕೆಟ್ಟಿನಲ್ಲಿ ಹೆಸರಿರುವ ಈ ಪುಟ್ಟ ಪ್ರಯಾಣಿಕನಿಗೆ ವಿಮಾನದಲ್ಲಿ ಆಸನವೆಲ್ಲಿದೆ?

ಹಿಂದೆ ಬಾಣಂತನ ಮುಗಿಸಿದ ಮಗಳು ತವರಿನಿಂದ ಗಂಡನ ಮನೆಗೆ ಬಸ್ಸಿನಲ್ಲೋ ರೈಲಿನಲ್ಲೋ ಹೋಗುತ್ತಿದ್ದಳು. ಇಂದು ಅವಳ ಸಂಸಾರ ದೆಹಲಿಯಲ್ಲೋ ದುಬೈಯಲ್ಲೋ ಇರುತ್ತದೆ. ವಿಮಾನ ಅವಳಿಗೆ ಐಷಾರಾಮವಲ್ಲ, ಅನಿವಾರ್ಯ. ಎರಡು ವರ್ಷ ತುಂಬದ ಮಗು ಹಿರಿಯರ ಮಡಿಲಲ್ಲಿಯೇ ಪ್ರಯಾಣಿಸಬಹುದೆಂಬುದು ನಮ್ಮಲ್ಲಿಯೂ ಇತರ ಅನೇಕ ದೇಶಗಳಲ್ಲಿಯೂ ಇರುವ ಪದ್ಧತಿ.

ಎರಡೂವರೆ ತಿಂಗಳ ಕೂಸಿನೊಂದಿಗೆ ನನ್ನ ಮಗಳು ಬೆಂಗಳೂರಿನಿಂದ ದೆಹಲಿಗೆ ಹೊರಟಾಗ ನಾನೂ ಜೊತೆಗಿದ್ದೆ. ತಾಯಿಯ ಬೆಲ್ಟಿಗೆ ಪೋಣಿಸುವ ಪುಟ್ಟ ಬೆಲ್ಟೊಂದನ್ನು ಗಗನಸಖಿ ಕೊಟ್ಟರು. ಇಂಥ ಬೆಲ್ಟಿಗೆ ಯುರೋಪಿನಲ್ಲಿ ಮಾನ್ಯತೆಯಿದೆ. ಅಮೆರಿಕದಲ್ಲಿ ವಿಮಾನ ಏರುವಾಗ, ಇಳಿಯುವಾಗ ಅದನ್ನು ಬಳಸುವಂತಿಲ್ಲ. ಅಪಘಾತದಲ್ಲಿ ತಾಯಿಯ ದೇಹವೇ ಮುಂದಕ್ಕೆ ಬಾಗಿ ಮಗುವನ್ನು ಅದುಮೀತು ಎಂಬುದು ಅಲ್ಲಿನವರ ಆತಂಕ. ಬೆಲ್ಟೇ ಇಲ್ಲದಿದ್ದರೆ ತೋಳುಗಳೇ ಗತಿ. ಆಧುನಿಕ ವಿಮಾನದ ಆಸನಗಳನ್ನು ಗುರುತ್ವದ 16 ಪಟ್ಟು ಆಘಾತಕ್ಕೆ ಪರೀಕ್ಷಿಸುತ್ತಾರೆ. ಅಂಥ ಕ್ಷಣದಲ್ಲಿ 4 ಕಿಲೋ ತೂಕದ ಕೂಸನ್ನು ಹಿಡಿದಿಡಲು 64 ಕಿಲೋ ಎತ್ತುವಷ್ಟು ಬಲ ಬೇಕು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನ ಅಪಘಾತಕ್ಕೀಡಾಯಿತು. ಅದರಲ್ಲಿ ಸ್ವಂತ ಆಸನವಿಲ್ಲದ ನಾಲ್ಕು ಮಕ್ಕಳಿದ್ದವು. ಅಂದಿನ ನಿಯಮದಂತೆ ಮಕ್ಕಳನ್ನು ನೆಲದ ಮೇಲೆ ಇರಿಸಿ ಹಿಡಿದುಕೊಳ್ಳುವಂತೆ ಗಗನಸಖಿ ಜ್ಯಾನ್ ಬ್ರೌನ್ ಸೂಚಿಸಿದ್ದರು. ಒಂದು ಮಗು ಸತ್ತಿತು. ಮಕ್ಕಳಿಗೆ ಪ್ರತ್ಯೇಕ ಸುರಕ್ಷಾ ಆಸನ ಕಡ್ಡಾಯವಾಗಬೇಕೆಂದು ಆಕೆ ಆ ಬಳಿಕ ವರ್ಷಗಟ್ಟಲೆ ಹೋರಾಡಿದರು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿಯೂ ಅದನ್ನೇ ಶಿಫಾರಸು ಮಾಡಿತು. ಆದರೆ ವಿಮಾನಯಾನ ಆಡಳಿತ 2005ರಲ್ಲಿ ಅದನ್ನು ಕೈಬಿಟ್ಟಿತು. ಇನ್ನೊಂದು ಟಿಕೆಟ್ಟಿನ ಹೊರೆ ಬಿದ್ದರೆ ಕುಟುಂಬಗಳು ಕಾರು ಹತ್ತುತ್ತವೆ, ರಸ್ತೆಯಲ್ಲಿ ಇನ್ನೂ ಹೆಚ್ಚು ಮಕ್ಕಳು ಸಾಯುತ್ತವೆ ಎಂಬುದು ಅದರ ವಾದ.

ಈ ವಾದವನ್ನು ತಳ್ಳಿಹಾಕುವಂತಿಲ್ಲ. ವಿಮಾನ ಇಂದಿಗೂ ಅತ್ಯಂತ ಸುರಕ್ಷಿತ ವಾಹನ. ಬೆಂಗಳೂರು–ಮಂಗಳೂರಿನಂಥ ಹತ್ತಿರದ ಹಾದಿಯಲ್ಲಿ ದರ ಏರಿದರೆ ಜನ ಘಟ್ಟದ ರಸ್ತೆಯನ್ನೇ ಹಿಡಿಯುತ್ತಾರೆ. ಆದರೆ ಇದರಿಂದ ಸಿದ್ಧವಾಗುವುದು ಹೊರೆಯನ್ನು ಪೋಷಕರ ಮೇಲೆ ಹೇರಬಾರದು ಎಂಬುದಷ್ಟೇ. ಮಗುವಿಗೆ ಆಸನ ಬೇಡ ಎಂದಲ್ಲ.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ತಂದೆ ಅಥವಾ ತಾಯಿಯ ಪಕ್ಕದಲ್ಲಿಯೇ ಆಸನ ನೀಡಬೇಕೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ ಆದೇಶಿಸಿತು. ಆ ಕಾಳಜಿ ಹಸುಗೂಸಿಗೂ ವಿಸ್ತರಿಸಲಿ. ಪಕ್ಕದ ಆಸನ ಖಾಲಿ ಉಳಿದರೆ ಅದು ಹಣವಿಲ್ಲದೆ ಮಗುವಿಗೆ ಸಿಗಲಿ. ಪ್ರತ್ಯೇಕ ಆಸನ ಬಯಸುವ ಪೋಷಕರಿಗೆ ಅರ್ಧ ದರ ಸಾಕು. ಶಿಶು ಆಸನಗಳನ್ನು ಸಂಸ್ಥೆಗಳೇ ಎರವಲಾಗಿ ಕೊಡಲಿ. ಸಾವಿರಾರು ರೂಪಾಯಿ ಕೊಟ್ಟು ಅದನ್ನು ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ.

ವಿಮಾನ ಏರುವ ಮುನ್ನ ಕಾಫಿ ಲೋಟವನ್ನು ತೆಗೆದಿಡಲು, ಕೈಚೀಲವನ್ನು ಆಸನದಡಿ ಸರಿಸಲು ಹೇಳುತ್ತಾರೆ. ಚೀಲಕ್ಕೂ ಲೋಟಕ್ಕೂ ಇರುವ ಭದ್ರ ಜಾಗ ಎಳೆಗೂಸಿಗೆ ಇಲ್ಲವೆಂಬುದನ್ನು ನಿಯಮ ರೂಪಿಸುವವರು ಇನ್ನಾದರೂ ಗಮನಿಸಬೇಕು.